ಸಿಇಟಿ, ನೀಟ್‌ಗೆ ಯಾವ ಗೈಡ್ ತಗೊಳ್ಳಲಿ? ಕೋಚಿಂಗ್ ಇಲ್ಲದೆ ಓದುತ್ತಿರುವವನ ಪ್ರಶ್ನೆ

ಹಾವೇರಿ ಪಿಸಿಎಂಬಿ:
ಎಲ್ಲರಿಗೂ ನಮಸ್ಕಾರ. ನಾನು ಈಗ ಸೆಕೆಂಡ್ ಪಿಯು, ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ). ಹತ್ತನೇ ತರಗತಿವರೆಗೆ ಊರಿನ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಕೋಚಿಂಗ್ ಇಲ್ಲ, ಸೇರುವ ಯೋಚನೆಯೂ ಇಲ್ಲ. ಎಂಜಿನಿಯರಿಂಗ್‌ಗೆ ಸಿಇಟಿ, ಮೆಡಿಕಲ್‌ಗೆ ನೀಟ್, ಎರಡನ್ನೂ ಬರೆಯುತ್ತೇನೆ. ಅಪ್ಪ ಪುಸ್ತಕಕ್ಕೆ ಅಂತ ಮೂರು ಸಾವಿರ ಕೊಟ್ಟಿದ್ದಾರೆ. ಅಂಗಡಿಗೆ ಹೋದರೆ ಒಂದೊಂದು ವಿಷಯಕ್ಕೂ ಏಳೆಂಟು ಗೈಡ್. ಎಲ್ಲದರ ಮೇಲೂ 'ಹೊಸ ಆವೃತ್ತಿ' ಅಂತಲೇ ಬರೆದಿದೆ. ಕ್ಲಾಸಿನಲ್ಲಿ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಯಾವುದು ತಗೊಳ್ಳಲಿ? ತಗೊಂಡ ಮೇಲೆ ಪ್ರಾಕ್ಟೀಸ್ ಹೇಗೆ ಮಾಡಲಿ? ದಯವಿಟ್ಟು ಹೇಳಿ.

ಅವೆನ್ಯೂ ರೋಡ್ ಗಿರಾಕಿ:
ತಮ್ಮಾ, ಮೊದಲು ಮೂರು ಸಾವಿರವನ್ನೂ ಒಂದೇ ದಿನ ಖಾಲಿ ಮಾಡಬೇಡ. ಬೆಂಗಳೂರಿಗೆ ಬರುವವರು ಯಾರಾದರೂ ಇದ್ದರೆ ಅವೆನ್ಯೂ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಗೈಡ್ ತರಿಸಿಕೊ. ಅರ್ಧ ಬೆಲೆಗೆ ಸಿಗುತ್ತವೆ. ಎಷ್ಟೋ ಪುಸ್ತಕಗಳಲ್ಲಿ ಮೊದಲ ಎರಡು ಅಧ್ಯಾಯದಲ್ಲಿ ಮಾತ್ರ ಪೆನ್ಸಿಲ್ ಗುರುತು ಇರುತ್ತದೆ, ಆಮೇಲೆ ಫುಲ್ ಹೊಸದು. ಯಾಕೆ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ.

ಫಿಸಿಕ್ಸ್ ಮೇಷ್ಟ್ರು:
ಸೆಕೆಂಡ್ ಹ್ಯಾಂಡ್ ಒಳ್ಳೆಯದೇ, ಆದರೆ ವರ್ಷ ನೋಡಿ ತಗೋ. 2023ರಲ್ಲಿ ಎನ್‌ಸಿಇಆರ್‌ಟಿ ಪಠ್ಯ ಕಡಿಮೆ ಮಾಡಿತು. ಕೆಮಿಸ್ಟ್ರಿಯಲ್ಲಿ ಘನ ಸ್ಥಿತಿ, ಪಾಲಿಮರ್, ಲೋಹಗಳನ್ನು ಬೇರ್ಪಡಿಸುವ ಅಧ್ಯಾಯ, ಸರ್ಫೇಸ್ ಕೆಮಿಸ್ಟ್ರಿ ಎಲ್ಲ ಹೋದವು. ಬಯಾಲಜಿಯಲ್ಲಿ ಜೀರ್ಣಕ್ರಿಯೆ, ಸಸ್ಯಗಳಲ್ಲಿ ಸಾಗಣೆ, ಖನಿಜ ಪೋಷಣೆ ಹೋದವು. ಅದಕ್ಕೂ ಹಿಂದಿನ ಗೈಡ್ ತಗೊಂಡರೆ ಇಲ್ಲದ ಅಧ್ಯಾಯ ಓದುತ್ತಾ ಕೂರುತ್ತೀಯ. ಇನ್ನೊಂದು ತೊಡಕೂ ಇದೆ. ಪಠ್ಯಪುಸ್ತಕದಿಂದ ತೆಗೆದದ್ದೆಲ್ಲ ನೀಟ್‌ನಿಂದಲೂ ಹೋಗಿದೆ ಅಂತಲ್ಲ. ಕೆಮಿಸ್ಟ್ರಿಯ ಪಿ ಬ್ಲಾಕ್ ಅಧ್ಯಾಯ ಪುಸ್ತಕದಲ್ಲಿಲ್ಲ, ನೀಟ್ ಪಟ್ಟಿಯಲ್ಲಿದೆ. ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ನೀಟ್ ಸಿಲಬಸ್ ಪ್ರಿಂಟ್ ತೆಗೆಸಿ ಜೇಬಿನಲ್ಲಿ ಇಟ್ಟುಕೊ. ಪಟ್ಟಿ ನಿನ್ನ ಕೈಯಲ್ಲಿದ್ದರೆ ಅಂಗಡಿಯವನು ಏನು ಬೇಕಾದರೂ ಹೇಳಿಕೊಳ್ಳಲಿ.

ಈಗ ನಿನ್ನ ಪ್ರಶ್ನೆಗೆ ಬರೋಣ. ಯಾವ ಗೈಡ್ ಅಂತ ಕೇಳುವ ಮೊದಲು ಯಾವ ಪರೀಕ್ಷೆಗೆ ಅಂತ ಬೇರೆ ಬೇರೆಯಾಗಿ ಕೇಳಿಕೊ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಫಸ್ಟ್ ಪಿಯು, ಸೆಕೆಂಡ್ ಪಿಯು ಎರಡೂ ಸಿಲಬಸ್ ಬರುತ್ತದೆ. ಎಂಜಿನಿಯರಿಂಗ್ ರ‍್ಯಾಂಕ್‌ಗೆ ಅರ್ಧ ಸಿಇಟಿ, ಅರ್ಧ ಬೋರ್ಡ್ ಪರೀಕ್ಷೆಯ ಪಿಸಿಎಂ ಅಂಕ. ನೀಟ್‌ನಲ್ಲಿ 180 ಪ್ರಶ್ನೆ, 180 ನಿಮಿಷ, 720 ಅಂಕ. ಅದರಲ್ಲಿ ಬಯಾಲಜಿಯೇ 90 ಪ್ರಶ್ನೆ. ಸರಿ ಆದರೆ ನಾಲ್ಕು, ತಪ್ಪಾದರೆ ಒಂದು ಕಟ್. ಅಲ್ಲಿ ಬೋರ್ಡ್ ಅಂಕ ರ‍್ಯಾಂಕ್‌ಗೆ ಸೇರುವುದಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. ಬೋರ್ಡ್‌ನಲ್ಲಿ ಶೇ 90, ಸಿಇಟಿಯಲ್ಲಿ ಶೇ 50 ಬಂದವನಿಗೆ ಸರಾಸರಿ 70. ಬೋರ್ಡ್‌ನಲ್ಲಿ 80, ಸಿಇಟಿಯಲ್ಲಿ 60 ಬಂದವನಿಗೂ 70. ಸಿಇಟಿಯಲ್ಲಿ ಆ ಶೇ 10 ಅಂದರೆ 180ರಲ್ಲಿ 18 ಪ್ರಶ್ನೆ. 18 ಪ್ರಶ್ನೆ ಜಾಸ್ತಿ ಸರಿ ಮಾಡುವುದು ಸುಲಭವೋ, ಬೋರ್ಡ್‌ನಲ್ಲಿ ಶೇ 10 ಏರಿಸುವುದು ಸುಲಭವೋ ಅಂತ ನಿನಗೆ ನೀನೇ ಕೇಳಿಕೊ. ಈಗಾಗಲೇ ಬೋರ್ಡ್‌ನಲ್ಲಿ 92 ಬರುವ ಹುಡುಗನಿಗೆ ಸಿಇಟಿ ಕಡೆ ಜಾಗ ಇದೆ. 70 ಬರುವವನಿಗೆ ಬೋರ್ಡ್ ಪಠ್ಯವೇ, ಅಂದರೆ ಎನ್‌ಸಿಇಆರ್‌ಟಿಯೇ, ಮೊದಲ ಗೈಡ್.

ಜೆಇಇ ಹುಚ್ಚ:
ಮೇಷ್ಟ್ರೇ, ಎನ್‌ಸಿಇಆರ್‌ಟಿ ಒಂದೇ ಓದಿದರೆ ಸಾಕು ಅನ್ನುವುದನ್ನು ನಾನು ಒಪ್ಪಲ್ಲ. ಫಿಸಿಕ್ಸ್‌ಗೆ ಎಚ್.ಸಿ. ವರ್ಮಾ ಪುಸ್ತಕ ಇಲ್ಲದೆ ಆಗಲ್ಲ. 2025ರ ನೀಟ್ ಫಿಸಿಕ್ಸ್ ಪೇಪರ್ ನೋಡಿದವರಿಗೆ ಗೊತ್ತು. ಪಠ್ಯದ ಹಿಂದಿನ ಪ್ರಶ್ನೆ ಮಾತ್ರ ಮಾಡಿದವರು ಹಾಲ್‌ನಿಂದ ಬೆವರು ಒರೆಸಿಕೊಂಡು ಹೊರಗೆ ಬಂದರು.

ಫಿಸಿಕ್ಸ್ ಮೇಷ್ಟ್ರು:
ಸಾಕು ಅಂತ ನಾನು ಎಲ್ಲಿ ಹೇಳಿದೆ? ಮೊದಲು ಅದು ಅಂತ ಹೇಳಿದೆ. ಎಚ್.ಸಿ. ವರ್ಮಾ ಚೆನ್ನಾಗಿದೆ, ಆದರೆ ಒಂದು ವಿಷಯ ತಿಳಿದಿರಲಿ. ಅದರ ಎರಡು ಭಾಗ ನಮ್ಮ ಫಸ್ಟ್ ಪಿಯು, ಸೆಕೆಂಡ್ ಪಿಯು ಪ್ರಕಾರ ಇಲ್ಲ. ಬೆಳಕಿನ ಪಾಠ ನಮಗೆ ಸೆಕೆಂಡ್ ಪಿಯು, ಅಲ್ಲಿ ಒಂದನೇ ಭಾಗದಲ್ಲಿದೆ. ಶಾಖದ ಪಾಠ ನಮಗೆ ಫಸ್ಟ್ ಪಿಯು, ಅಲ್ಲಿ ಎರಡನೇ ಭಾಗದಲ್ಲಿದೆ. ಪ್ರತಿ ವರ್ಷ ಯಾರಾದರೂ ಒಬ್ಬ 'ಸೆಕೆಂಡ್ ಪಿಯುಗೆ ಎರಡನೇ ಭಾಗ' ಅಂತ ತಗೊಂಡು ಬಂದು ಬೆಳಕಿನ ಪಾಠ ಎಲ್ಲಿದೆ ಸರ್ ಅಂತ ಕೇಳುತ್ತಾನೆ. ಬರೀ ಸಿಇಟಿ ಗುರಿ ಇದ್ದವನು ಆ ಪುಸ್ತಕದ ಉದಾಹರಣೆ ಲೆಕ್ಕಗಳನ್ನು ಮಾಡಿದರೆ ಧಾರಾಳವಾಯಿತು. ಕೊನೆಯ ಕಠಿಣ ಲೆಕ್ಕಗಳ ಜೊತೆ ಒಂದು ಸಂಜೆ ಗುದ್ದಾಡುವುದು ಸಿಇಟಿಗೆ ಬೇಡದ ಕಸರತ್ತು. ಅಲ್ಲಿ ಒಂದು ಪ್ರಶ್ನೆಗೆ ಸಿಗುವುದು 80 ಸೆಕೆಂಡ್.

ಜೆಇಇ ಹುಚ್ಚ:
ಒಪ್ಪಿದೆ. ಆದರೂ ಪುಸ್ತಕ ಮನೆಯಲ್ಲಿರಲಿ ಸರ್, ಒಂದು ಧೈರ್ಯ.

ಅವೆನ್ಯೂ ರೋಡ್ ಗಿರಾಕಿ:
ಧೈರ್ಯಕ್ಕೆ ಇಟ್ಟುಕೊಂಡ ಪುಸ್ತಕಗಳೇ ಆಮೇಲೆ ನಮ್ಮ ರೋಡಿಗೆ ಬರುವುದು 😄

ಲಾಂಗ್ ಟರ್ಮ್ ಅಕ್ಕ:
ಬಯಾಲಜಿ ಬಗ್ಗೆ ನಾನು ಹೇಳುತ್ತೇನೆ. ಎರಡನೇ ಸಲ ಬರೆದು ಈಗ ಎಂಬಿಬಿಎಸ್ ಮೊದಲ ವರ್ಷದಲ್ಲಿದ್ದೇನೆ. ಬಯಾಲಜಿಗೆ ದಪ್ಪ ಗೈಡ್ ಬೇಡ. ಎನ್‌ಸಿಇಆರ್‌ಟಿ ಸಾಲು ಸಾಲಾಗಿ, ಚಿತ್ರದ ಕೆಳಗಿನ ಸಣ್ಣ ಅಕ್ಷರವನ್ನೂ ಬಿಡದೆ ಓದಬೇಕು. ಇದು ಎಲ್ಲರೂ ಹೇಳುವ ಮಾತೇ. ಸಾಲು ಸಾಲಾಗಿ ಓದುವುದು ಅಂದರೆ ಏನು ಅಂತ ಮಾತ್ರ ಯಾರೂ ಹೇಳಿಕೊಡಲ್ಲ. ಹತ್ತು ಸಲ ಓದಿದರೆ ಸಾಲು ಪರಿಚಯವಾಗುತ್ತದೆ, ಅಷ್ಟೇ.

ನಾನು ಮಾಡುತ್ತಿದ್ದದ್ದು ಹೀಗೆ. ಪಕ್ಕೆಲುಬಿನ ಸಾಲು ತಗೊಳ್ಳಿ. 12 ಜೊತೆ. ಮೊದಲ 7 ಜೊತೆ ನೇರವಾಗಿ ಎದೆಮೂಳೆಗೆ ಸೇರುತ್ತವೆ. 8, 9, 10ನೇ ಜೊತೆ ನೇರವಾಗಿ ಸೇರದೆ ಏಳನೆಯ ಪಕ್ಕೆಲುಬಿಗೆ ಮೃದು ಎಲುಬಿನ ಮೂಲಕ ಸೇರುತ್ತವೆ. 11, 12 ಮುಂಭಾಗದಲ್ಲಿ ಯಾವುದಕ್ಕೂ ಸೇರುವುದಿಲ್ಲ. ಈಗ ಪುಸ್ತಕ ಮುಚ್ಚಿ, ಇದರಲ್ಲಿ ಒಂದೇ ಒಂದು ಕಡೆ ಬದಲಿಸಿ ತಪ್ಪು ಸಾಲು ಬರೆಯುತ್ತಿದ್ದೆ. '10ನೇ ಜೊತೆ ನೇರವಾಗಿ ಎದೆಮೂಳೆಗೆ ಸೇರುತ್ತದೆ.' ಇನ್ನೊಂದು, '11ನೇ ಜೊತೆ ಏಳನೆಯದಕ್ಕೆ ಸೇರುತ್ತದೆ.' ಒಂದು ವಾರ ಬಿಟ್ಟು ಆ ಹಾಳೆ ತೆಗೆದು, ಯಾವುದು ತಪ್ಪು, ಯಾಕೆ ತಪ್ಪು ಅಂತ ಗುರುತು ಹಾಕುತ್ತಿದ್ದೆ. ನೀಟ್‌ನಲ್ಲಿ ಬರುವ ಹೇಳಿಕೆ ಪ್ರಶ್ನೆಗಳೆಲ್ಲ ಹೀಗೇ ತಯಾರಾಗುತ್ತವೆ. ಪ್ರಶ್ನೆ ತೆಗೆಯುವವರ ಕೆಲಸವನ್ನು ನೀವೇ ಮಾಡಿ ನೋಡಿ, ಎಲ್ಲಿ ಸಿಕ್ಕಿಹಾಕಿಸುತ್ತಾರೆ ಅಂತ ಕಣ್ಣಿಗೆ ಕಾಣುತ್ತದೆ.

ಶಿವಮೊಗ್ಗದ ಅಮ್ಮ:
ನನ್ನ ಮಗಳೂ ಸೆಕೆಂಡ್ ಪಿಯು. ಒಂದು ಸಂಸ್ಥೆಯಲ್ಲಿ ಟೆಸ್ಟ್ ಸೀರೀಸ್‌ಗೆ ದುಡ್ಡು ಕಟ್ಟಿದ್ದೇವೆ. ಪ್ರತಿ ಭಾನುವಾರ ಟೆಸ್ಟ್, ಸಂಜೆ ಮೊಬೈಲ್‌ಗೆ ಅಂಕ ಬರುತ್ತದೆ, ರ‍್ಯಾಂಕ್ ಬರುತ್ತದೆ. ಅಷ್ಟೇ. ಯಾವ ಪ್ರಶ್ನೆ ಯಾಕೆ ತಪ್ಪಾಯಿತು ಅಂತ ಒಬ್ಬರೂ ಕೂರಿಸಿ ಹೇಳುವುದಿಲ್ಲ. ಅಂಕ ಮೂರು ತಿಂಗಳಿಂದ ನಿಂತಲ್ಲೇ ನಿಂತಿದೆ. ಕೇಳಿದರೆ ಇನ್ನೊಂದು ಸೀರೀಸ್ ತಗೊಳ್ಳಿ ಅನ್ನುತ್ತಾರೆ. ಮಗು ಭಾನುವಾರ ಬಂತೆಂದರೆ ಊಟ ಬಿಡುತ್ತದೆ. ಏನು ಮಾಡಲಿ?

ಲಾಂಗ್ ಟರ್ಮ್ ಅಕ್ಕ:
ಅಮ್ಮಾ, ಇನ್ನೊಂದು ಸೀರೀಸ್ ಖಂಡಿತ ಬೇಡ. ಇರುವ ಟೆಸ್ಟ್‌ಗಳಲ್ಲೇ ಒಂದು ವಾರ ಬಿಟ್ಟು ಒಂದು ವಾರ ಬರೆಯಲಿ. ಬಿಟ್ಟ ಭಾನುವಾರ ಹಿಂದಿನ ಟೆಸ್ಟ್‌ನ ಪೋಸ್ಟ್‌ಮಾರ್ಟಂ. ಟೆಸ್ಟ್ ಬರೆಯುವಾಗಲೇ ಪ್ರಶ್ನೆಯ ಪಕ್ಕ ಗುರುತು ಹಾಕಲಿ. ಗ್ಯಾರಂಟಿ ಗೊತ್ತಿದ್ದರೆ ಟಿಕ್, ಡೌಟ್ ಇದ್ದರೆ ಚುಕ್ಕೆ, ಸುಮ್ನೆ ಹೊಡೆದಿದ್ದರೆ ಸೊನ್ನೆ. ಉತ್ತರ ನೋಡುವಾಗ ತಪ್ಪಾದವು ಮಾತ್ರ ಅಲ್ಲ, ಚುಕ್ಕೆ ಮತ್ತು ಸೊನ್ನೆ ಹಾಕಿದ್ದು ಸರಿ ಬಂದಿದ್ದರೂ ತಪ್ಪಿನ ಲೆಕ್ಕಕ್ಕೇ ಹಾಕಬೇಕು. ಟಿಕ್ ಹಾಕಿಯೂ ತಪ್ಪಾಗಿದ್ದರೆ ಅದು ಎಲ್ಲಕ್ಕಿಂತ ಮುಖ್ಯ. ಅಲ್ಲಿ ಏನೋ ಒಂದನ್ನು ತಪ್ಪಾಗಿ ಕಲಿತಾಗಿದೆ ಅಂತ ಅರ್ಥ.

ಮತ್ತೆ ರ‍್ಯಾಂಕ್ ಮೆಸೇಜ್ ನಿಮ್ಮ ಮೊಬೈಲ್‌ಗೆ ಬರಲಿ, ಅವಳಿಗೆ ತೋರಿಸಬೇಡಿ ಸ್ವಲ್ಪ ದಿನ.

ಶಿವಮೊಗ್ಗದ ಅಮ್ಮ:
ಮೆಸೇಜ್ ತೋರಿಸದೇ ಇರುವುದು ನಮ್ಮ ಯಜಮಾನರಿಗೆ ಕಷ್ಟ. ನೋಡುತ್ತೇನೆ. ಥ್ಯಾಂಕ್ಸ್ ಕಣಮ್ಮ.

ಫಿಸಿಕ್ಸ್ ಮೇಷ್ಟ್ರು:
ಗೈಡ್ ಆರಿಸುವುದಕ್ಕೆ ನಾನು ಮಕ್ಕಳಿಗೆ ಒಂದು ಪರೀಕ್ಷೆ ಹೇಳಿಕೊಡುತ್ತೇನೆ. ಅಂಗಡಿಯಲ್ಲೇ ನಿಂತು ಮಾಡಬಹುದು. ನಿನಗೆ ಚೆನ್ನಾಗಿ ಬರುವ ಅಧ್ಯಾಯ ತೆಗೆ. ಕಷ್ಟದ ಅಧ್ಯಾಯ ಬೇಡ, ಅಲ್ಲಿ ಗೈಡ್ ಸರಿಯಾಗಿ ಹೇಳುತ್ತಿದೆಯೋ ಇಲ್ಲವೋ ನಿನಗೆ ಗೊತ್ತಾಗುವುದಿಲ್ಲ. ಒಂದು ಲೆಕ್ಕದ ವಿವರಣೆ ಓದು.

ಉದಾಹರಣೆಗೆ ಈ ಹಳೇ ಪ್ರಶ್ನೆ. ಒಂದು ತಂತಿಯನ್ನು ಎಳೆದು ಉದ್ದ ಎರಡರಷ್ಟು ಮಾಡಿದರೆ ಅದರ ರೋಧ ಎಷ್ಟಾಗುತ್ತದೆ? ಬಹಳ ಮಂದಿ ಎರಡು ಪಟ್ಟು ಅಂತ ಹಾಕುತ್ತಾರೆ. ಸರಿ ಉತ್ತರ ನಾಲ್ಕು ಪಟ್ಟು. ಕೆಲವು ಗೈಡ್‌ಗಳಲ್ಲಿ 'ರೋಧ ಉದ್ದದ ವರ್ಗಕ್ಕೆ ಅನುಗುಣ, ಆದ್ದರಿಂದ ನಾಲ್ಕು' ಅಂತ ಒಂದೇ ಸಾಲು. ಹುಡುಗ ಅದನ್ನು ಬಾಯಿಪಾಠ ಮಾಡುತ್ತಾನೆ. ಮುಂದಿನ ಪ್ರಶ್ನೆಯಲ್ಲಿ ಎಳೆಯುವುದೇ ಇಲ್ಲ, ಅದೇ ದಪ್ಪದ ಎರಡರಷ್ಟು ಉದ್ದದ ಬೇರೆ ತಂತಿ ಅಂತ ಕೊಟ್ಟಿರುತ್ತಾರೆ. ಅಲ್ಲೂ ನಾಲ್ಕು ಬರೆದು ಬರುತ್ತಾನೆ. ಒಳ್ಳೆಯ ಗೈಡ್ ಏನು ಹೇಳುತ್ತದೆ? ಎಳೆದಾಗ ತಂತಿಯ ಗಾತ್ರ ಬದಲಾಗಲ್ಲ, ಉದ್ದ ಎರಡರಷ್ಟಾದರೆ ಅಡ್ಡಕೊಯ್ತದ ವಿಸ್ತೀರ್ಣ ಅರ್ಧ ಆಗುತ್ತದೆ, ಹಾಗಾಗಿ ಎರಡು ಇಂಟು ಎರಡು. ಇಷ್ಟು ತಿಳಿದವನಿಗೆ 'ಎಳೆದು ತ್ರಿಜ್ಯ ಅರ್ಧ ಮಾಡಿದರೆ' ಅಂತ ಕೇಳಿದರೂ ಭಯವಿಲ್ಲ. ವಿಸ್ತೀರ್ಣ ಕಾಲು ಭಾಗ, ಉದ್ದ ನಾಲ್ಕು ಪಟ್ಟು, ರೋಧ 16 ಪಟ್ಟು.

ಆಮೇಲೆ ಅದೇ ಗೈಡ್‌ನಲ್ಲಿ ಹಳೆಯ ಸಿಇಟಿ ಪ್ರಶ್ನೆಗಳಿಗೆ ಕೊಟ್ಟಿರುವ ಉತ್ತರವನ್ನು ಸಿಇಟಿ ನಡೆಸುವ ಕೆಇಎಯ ಕೀ ಉತ್ತರದ ಜೊತೆ ಹತ್ತು ಪ್ರಶ್ನೆಗೆ ತಾಳೆ ನೋಡು. ಕೀ ಉತ್ತರ ಕೆಇಎ ವೆಬ್‌ಸೈಟಿನಲ್ಲೇ ಸಿಗುತ್ತದೆ. ಎರಡು ಮೂರು ಕಡೆ ಹೊಂದದಿದ್ದರೆ ಪುಸ್ತಕ ವಾಪಸ್ ಇಟ್ಟು ಬಾ. ಮುಖಪುಟದಲ್ಲಿರುವ ಟಾಪರ್ ಫೋಟೋ ನೋಡಿ ತಗೊಳ್ಳುವುದಕ್ಕಿಂತ ಇದು ವಾಸಿ.

ಕನ್ನಡ ಮೀಡಿಯಂ ಎಂಜಿನಿಯರ್:
ಹಾವೇರಿ ತಮ್ಮಾ, ನಿನ್ನ ದಾರಿಯಲ್ಲೇ ಬಂದವನು ನಾನು. ಇಲ್ಲಿ ಯಾರೂ ಹೇಳದ ಎರಡು ಮಾತು. ಒಂದು, ನೀನು 1ರಿಂದ 10ರವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ್ದರೆ ಸಿಇಟಿ ಸೀಟು ಹಂಚಿಕೆಯಲ್ಲಿ ಕನ್ನಡ ಮಾಧ್ಯಮಕ್ಕೆ ಶೇ 5 ಮೀಸಲಿದೆ. ಅಷ್ಟೂ ವರ್ಷ ಗ್ರಾಮೀಣ ಭಾಗದ ಶಾಲೆಯಲ್ಲೇ ಓದಿದ್ದರೆ ಗ್ರಾಮೀಣಕ್ಕೆ ಶೇ 15. ಪ್ರಮಾಣಪತ್ರಕ್ಕೆ ಶಾಲೆಯ ಹೆಡ್‌ಮಾಸ್ಟರ್ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಎಲ್ಲ ಬೇಕು. ಗೈಡ್ ಹುಡುಕುವುದಕ್ಕೆ ಓಡಾಡುವ ದಿನವೇ ಬಿಇಒ ಆಫೀಸಿಗೂ ಹೋಗಿ ಬಾ. ಪರೀಕ್ಷೆ ಹತ್ತಿರ ಬಂದಾಗ ಅಲ್ಲಿ ಸಾಲು ದೊಡ್ಡದಾಗಿರುತ್ತದೆ.

ಎರಡು, ಇಂಗ್ಲಿಷ್ ಗೈಡ್‌ನ ವಿವರಣೆ ಅರ್ಥವಾಗದೆ ಹೋದರೆ ನಾಚಿಕೆ ಬೇಡ, ಹೈಸ್ಕೂಲಿನ ಕನ್ನಡ ವಿಜ್ಞಾನ ಪುಸ್ತಕ ತೆಗೆದು ಅದೇ ವಿಷಯ ಓದು. ಬೆಳಕು, ವಿದ್ಯುತ್, ಆಮ್ಲ ಪ್ರತ್ಯಾಮ್ಲ, ಅನುವಂಶೀಯತೆ ಎಲ್ಲ ಅಲ್ಲೇ ಇದೆ. ಬುಡ ಅಲ್ಲಿ ಗಟ್ಟಿಯಾದ ಮೇಲೆ ಇಂಗ್ಲಿಷ್ ಪುಸ್ತಕಕ್ಕೆ ಬಾ. ನೀಟ್ ಅರ್ಜಿ ಹಾಕುವಾಗ ಭಾಷೆ ಕನ್ನಡ ಅಂತ ಆರಿಸಿದರೆ ಪ್ರಶ್ನೆಪತ್ರಿಕೆಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರುತ್ತವೆ. ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ. ಹಾಗಾಗಿ ಎರಡನ್ನೂ ನೋಡುವ ಅಭ್ಯಾಸ ಬೇಕು. ನನ್ನ ಅಭಿಪ್ರಾಯ ಕೇಳಿದರೆ ಓದಿದ್ದು ಪಿಯುನಲ್ಲಿ ಇಂಗ್ಲಿಷ್, ಪ್ರಾಕ್ಟೀಸ್ ಇಂಗ್ಲಿಷ್, ಪರೀಕ್ಷೆಯಲ್ಲಿ ಮಾತ್ರ ಕನ್ನಡ ಅಂದರೆ ಸಮಯ ಹೋಗುತ್ತದೆ. ಒಂದು ಪೇಪರ್ ಮನೆಯಲ್ಲಿ ಬಿಡಿಸಿ ನೋಡಿ ಆಮೇಲೆ ತೀರ್ಮಾನ ಮಾಡು.

ಹಾವೇರಿ ಪಿಸಿಎಂಬಿ:
ಅಣ್ಣಾ, ಬಿಇಒ ಸಹಿ ವಿಷಯ ನನಗೆ ಗೊತ್ತೇ ಇರಲಿಲ್ಲ. ಥ್ಯಾಂಕ್ಸ್. ನೀಟ್‌ನಲ್ಲಿ ಗೊತ್ತಿಲ್ಲದ ಪ್ರಶ್ನೆ ಬಿಡಬೇಕೋ ಹೊಡೆಯಬೇಕೋ? ನಮ್ಮ ಕ್ಲಾಸಿನಲ್ಲಿ ಎಲ್ಲರೂ ಬಿಡಬೇಕು ಅನ್ನುತ್ತಾರೆ.

ಜೆಇಇ ಹುಚ್ಚ:
ಲೆಕ್ಕ ಹಾಕಿ ನೋಡು. ನಾಲ್ಕು ಆಯ್ಕೆ, ಏನೂ ಗೊತ್ತಿಲ್ಲ. ನಾಲ್ಕು ಸಲ ಕಣ್ಣು ಮುಚ್ಚಿ ಹೊಡೆದರೆ ಸರಾಸರಿ ಒಂದು ಸರಿ, ಮೂರು ತಪ್ಪು. ನಾಲ್ಕು ಬಂತು, ಮೂರು ಹೋಯಿತು. ಲಾಭ ಒಂದು, ಅಂದರೆ ಪ್ರಶ್ನೆಗೆ ಕಾಲು ಅಂಕ. ಅದು ಲಾಭ ಅಂತ ನಂಬಿ ಕೂರುವಷ್ಟು ದೊಡ್ಡದಲ್ಲ, ಅದೃಷ್ಟ ಕೆಟ್ಟರೆ ಹತ್ತು ಪ್ರಶ್ನೆಗೆ ಹತ್ತು ಅಂಕವೂ ಹೋಗಬಹುದು. ಆದರೆ ಎರಡು ಆಯ್ಕೆ ಖಂಡಿತ ಅಲ್ಲ ಅಂತ ಗೊತ್ತಿದ್ದರೆ ಕಥೆ ಬೇರೆ. ಎರಡು ಸಲ ಹೊಡೆದರೆ ಸರಾಸರಿ ಒಂದು ಸರಿ ಒಂದು ತಪ್ಪು, ಮೂರು ಅಂಕ ಲಾಭ. ಪ್ರಶ್ನೆಗೆ ಒಂದೂವರೆ. ಅಂಥದ್ದನ್ನು ಬಿಟ್ಟು ಬರುವುದು ದಡ್ಡತನ. ಸಿಇಟಿಯಲ್ಲಂತೂ ಒಂದನ್ನೂ ಖಾಲಿ ಬಿಡಬೇಡ, ಕಟ್ ಇಲ್ಲವೇ ಇಲ್ಲ.

ಲಾಂಗ್ ಟರ್ಮ್ ಅಕ್ಕ:
ಇದಕ್ಕೆ ನನ್ನದೊಂದು ತಿದ್ದುಪಡಿ. 'ಎರಡು ಖಂಡಿತ ಅಲ್ಲ' ಅಂತ ನಮಗೆ ಅನಿಸುವುದು ಬೇರೆ, ನಿಜವಾಗಿ ಗೊತ್ತಿರುವುದು ಬೇರೆ. ಅದಕ್ಕೇ ಟೆಸ್ಟ್‌ನಲ್ಲಿ ಚುಕ್ಕೆ ಹಾಕುವುದು. ಚುಕ್ಕೆ ಹಾಕಿದ್ದರಲ್ಲಿ ಎಷ್ಟು ಸರಿ ಬಂತು ಅಂತ ಪ್ರತಿ ಸಲ ಎಣಿಸು. ಅರ್ಧಕ್ಕಿಂತ ಜಾಸ್ತಿ ಸರಿ ಬರುತ್ತಿದ್ದರೆ ಪರೀಕ್ಷೆಯಲ್ಲೂ ಧೈರ್ಯವಾಗಿ ಹೊಡಿ. ಹತ್ತರಲ್ಲಿ ಎರಡು ಬರುತ್ತಿದ್ದರೆ ಆ ವಿಷಯದಲ್ಲಿ ಕೈ ಕಟ್ಟಿ ಕೂರು. ಕೆಮಿಸ್ಟ್ರಿಯಲ್ಲಿ ಒಂದು ಥರ, ಫಿಸಿಕ್ಸ್‌ನಲ್ಲಿ ಒಂದು ಥರ ಇರುತ್ತದೆ.

ಆಗ್ರಿ ಸೀಟು:
ಹಳೇ ಪೇಪರ್ ಬಗ್ಗೆ ಒಂದು ಎಚ್ಚರಿಕೆ. ನೀಟ್ 2021ರಿಂದ 2024ರವರೆಗೆ 200 ಪ್ರಶ್ನೆ ಕೊಟ್ಟು 180 ಬರೆಯಿರಿ ಅನ್ನುತ್ತಿದ್ದರು, 2021ರಲ್ಲಿ 180 ನಿಮಿಷ, 2022ರಿಂದ 200 ನಿಮಿಷ ಇತ್ತು. 2025ರಲ್ಲಿ ಆಯ್ಕೆ ತೆಗೆದು 180 ಪ್ರಶ್ನೆ 180 ನಿಮಿಷ ಮಾಡಿದರು. ಅಂಗಡಿಯಲ್ಲಿ ಇನ್ನೂ ಹಳೇ ಮಾದರಿಯ ಮಾಕ್ ಟೆಸ್ಟ್ ಪುಸ್ತಕಗಳಿವೆ, ನೋಡಿ ತಗೊಳ್ಳಿ. ಆ ವರ್ಷಗಳ ಪೇಪರ್ ಬಿಡಿಸುವಾಗ ಆಯ್ಕೆ ಭಾಗದಲ್ಲಿ ಮೊದಲ ಹತ್ತನ್ನೇ ಮಾಡಿ, ಸುಲಭದ್ದು ಹುಡುಕಬೇಡಿ. ಸಮಯವೂ 180 ನಿಮಿಷವೇ ಇಟ್ಟುಕೊಳ್ಳಿ.

ಇನ್ನು 2024ರ ಸಿಇಟಿ. ಅದರಲ್ಲಿ ಸಿಲಬಸ್ ಹೊರಗಿನ ಪ್ರಶ್ನೆ ಬಂದು ದೊಡ್ಡ ಗಲಾಟೆ ಆಯಿತು, ಕೊನೆಗೆ 50 ಪ್ರಶ್ನೆ ಕೈಬಿಟ್ಟು ಮೌಲ್ಯಮಾಪನ ಮಾಡಿದರು. ಫಿಸಿಕ್ಸ್ 9, ಕೆಮಿಸ್ಟ್ರಿ 15, ಗಣಿತ 15, ಬಯಾಲಜಿ 11. ಆ ಪೇಪರ್ ಬಿಡಿಸಿ 'ಇಷ್ಟೇನಾ ನನಗೆ ಬರುವುದು' ಅಂತ ಬೇಜಾರು ಮಾಡಿಕೊಂಡವರು ನನ್ನ ತಂಗಿ ಸೇರಿ ಬಹಳ ಮಂದಿ. ಕೈಬಿಟ್ಟ ಪ್ರಶ್ನೆ ಹೊಡೆದು ಹಾಕಿ, ಉಳಿದದ್ದಕ್ಕೆ ಮಾತ್ರ ಅಂಕ ಕೊಟ್ಟುಕೊಳ್ಳಿ.

ಹಾವೇರಿ ಪಿಸಿಎಂಬಿ:
ಎಲ್ಲ ಓದಿದೆ. ಹೀಗೆ ಮಾಡೋಣ ಅಂತಿದ್ದೇನೆ. ಎನ್‌ಸಿಇಆರ್‌ಟಿ ಎಲ್ಲ ವಿಷಯ ಇದೆ, ಫಸ್ಟ್ ಪಿಯುದೂ ಇದೆ. ಎನ್‌ಸಿಇಆರ್‌ಟಿಯದೇ ಹೆಚ್ಚುವರಿ ಪ್ರಶ್ನೆಗಳ ಪುಸ್ತಕ ಎಕ್ಸೆಂಪ್ಲರ್ ಪಿಡಿಎಫ್ ಫ್ರೀ ಸಿಗುತ್ತದೆ ಅಂತ ನಮ್ಮ ಲೆಕ್ಚರರ್ ಹೇಳಿದರು, ಡೌನ್‌ಲೋಡ್ ಮಾಡಿಕೊಂಡೆ. ಫಿಸಿಕ್ಸ್‌ಗೆ ಒಂದು, ಕೆಮಿಸ್ಟ್ರಿಗೆ ಒಂದು ಗೈಡ್, ಮೇಷ್ಟ್ರು ಹೇಳಿದ ಪರೀಕ್ಷೆ ಮಾಡಿ ತಗೊಳ್ಳುತ್ತೇನೆ. ಬಯಾಲಜಿ, ಗಣಿತಕ್ಕೆ ಬೇಡ. ಉಳಿದ ದುಡ್ಡಿಗೆ ಹಳೇ ಪೇಪರ್ ಜೆರಾಕ್ಸ್. ಮೊಬೈಲ್‌ನಲ್ಲೇ ಬಿಡಿಸಿದರೆ ಆಗಲ್ವಾ, ಜೆರಾಕ್ಸ್ ಬೇಕೇ ಬೇಕಾ?

ಫಿಸಿಕ್ಸ್ ಮೇಷ್ಟ್ರು:
ಜೆರಾಕ್ಸ್ ಬೇಕು. ಸಿಇಟಿ, ನೀಟ್ ಎರಡೂ ಪೇಪರ್ ಮೇಲೆ, ಓಎಂಆರ್ ಶೀಟ್‌ನಲ್ಲಿ ಬರೆಯುವ ಪರೀಕ್ಷೆ. ಮೊಬೈಲ್‌ನಲ್ಲಿ ಬೆರಳು ಒತ್ತುವುದಕ್ಕೂ ಪೆನ್ನಿನಲ್ಲಿ ವೃತ್ತ ತುಂಬುವುದಕ್ಕೂ ಸಮಯದ ವ್ಯತ್ಯಾಸ ಬಹಳ ಇದೆ. 60 ವೃತ್ತ ತುಂಬುವುದಕ್ಕೆ ನಿನಗೆ ಎಷ್ಟು ನಿಮಿಷ ಬೇಕು ಅಂತ ಒಮ್ಮೆ ಗಡಿಯಾರ ಇಟ್ಟು ನೋಡು. ಎಲ್ಲವನ್ನೂ ಕೊನೆಗೆ ತುಂಬುತ್ತೇನೆ ಅಂತ ಬಿಡಬೇಡ, ಒಂದು ಪುಟ ಮುಗಿದ ಹಾಗೆ ತುಂಬುತ್ತಾ ಹೋಗು. ಬಾಲ್ ಪೆನ್, ಅಳಿಸುವುದಕ್ಕೆ ಆಗಲ್ಲ. ಜೆಇಇ ಮೇನ್, ಖಾಸಗಿ ಕಾಲೇಜುಗಳ ಕಾಮೆಡ್‌ಕೆ ಬರೆಯುವವರು ಮಾತ್ರ ಕಂಪ್ಯೂಟರ್‌ನಲ್ಲಿ ಪ್ರಾಕ್ಟೀಸ್ ಮಾಡಲಿ, ಅವು ಕಂಪ್ಯೂಟರ್ ಪರೀಕ್ಷೆ. ಐಐಟಿ ಕಾನ್ಪುರದವರ 'ಸಾಥಿ' ಪೋರ್ಟಲ್‌ನಲ್ಲಿ ಪಾಠ, ಟೆಸ್ಟ್ ಎಲ್ಲ ಉಚಿತವಾಗಿವೆ.

ಗಣಿತಕ್ಕೆ ಗೈಡ್ ಬೇಡ ಅಂದಿದ್ದೀಯ, ಸರಿ. ಆದರೆ ಫಸ್ಟ್ ಪಿಯು ಗಣಿತವನ್ನು ವಾರಕ್ಕೆ ಎರಡು ಸಂಜೆ ತೆಗಿ. ಸೆಕೆಂಡ್ ಪಿಯು ಬೋರ್ಡ್ ಪರೀಕ್ಷೆ ಮುಗಿಸಿ ಸಿಇಟಿಗೆ ಕೂರುವ ಹೊತ್ತಿಗೆ ತ್ರಿಕೋನಮಿತಿ ಸೂತ್ರವೇ ಮರೆತಿರುತ್ತದೆ ನಮ್ಮ ಹುಡುಗರಿಗೆ.

ಹಾವೇರಿ ಪಿಸಿಎಂಬಿ:
ಸರಿ ಸರ್. 2023ರ ಸಿಇಟಿ ಪೇಪರ್ ನಿನ್ನೆ ಜೆರಾಕ್ಸ್ ಮಾಡಿಸಿ ಫಿಸಿಕ್ಸ್ ಬಿಡಿಸಿದೆ. ಕೀ ಉತ್ತರ ಹಾಕಿ ನೋಡಿದರೆ ಬರೀ 11 ಸರಿ. ಗೊತ್ತಿದ್ದ ಪ್ರಶ್ನೆಗಳೂ ತಪ್ಪು ಅಂತ ತೋರಿಸುತ್ತಿದೆ.

ಆಗ್ರಿ ಸೀಟು:
ಪೇಪರಿನ ವರ್ಷನ್ ಕೋಡ್ ನೋಡಿದೆಯಾ? ಮುಖಪುಟದಲ್ಲಿ ಇರುತ್ತದೆ. ಒಂದೊಂದು ವರ್ಷನ್‌ನಲ್ಲೂ ಪ್ರಶ್ನೆಗಳ ಕ್ರಮ ಬೇರೆ, ಕೀ ಉತ್ತರವೂ ಬೇರೆ.

ಹಾವೇರಿ ಪಿಸಿಎಂಬಿ:
ಅಯ್ಯೋ, ಪೇಪರ್ ಒಂದು ವರ್ಷನ್, ಕೀ ಇನ್ನೊಂದು. ಈಗ ಸರಿಯಾದ ಕೀ ಹಾಕಿದೆ, 34 ಬಂತು. ಚುಕ್ಕೆ ಹಾಕಿದ್ದು 15, ಅದರಲ್ಲಿ 6 ಸರಿ.

ಲಾಂಗ್ ಟರ್ಮ್ ಅಕ್ಕ:
ಆ 15ನ್ನೂ ಇವತ್ತೇ ಒಂದು ಹಾಳೆಯಲ್ಲಿ ಬರೆದಿಡು, ಉತ್ತರ ಬರೆಯದೆ. ಮುಂದಿನ ಭಾನುವಾರ ಮತ್ತೆ ಬಿಡಿಸಿ ಎಷ್ಟು ಬಂತು ಅಂತ ಇಲ್ಲೇ ಹಾಕು.